ಕೊಕ್ಕರೆ ಅಂದರೆ ಬರೀ ಮೀನಲ್ಲ

ರಂಗನತಿಟ್ಟಿನ ದೋಣಿಯಲ್ಲಿ ಕೂತವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಇಷ್ಟೊಂದು ಕೊಕ್ಕರೆಗಳು ಸೇರಿದರೆ ಹೊಳೆಯಲ್ಲಿ ಮೀನು ಉಳಿಯುತ್ತಾ? ಎಲ್ಲಾ ಕೊಕ್ಕರೆಗಳೂ ಮೀನನ್ನೇ ತಿನ್ನುತ್ತವೆ, ಅದನ್ನೂ ಗೂಡಿನ ಬುಡದಲ್ಲೇ ಹಿಡಿಯುತ್ತವೆ ಅನ್ನುವುದು ನಮ್ಮ ಲೆಕ್ಕ. ಎರಡೂ ತಪ್ಪು.

ನಡುಗಡ್ಡೆ ಇರುವುದು ಗೂಡಿಗೆ. ಸುತ್ತ ನೀರು, ನೀರಿನಲ್ಲಿ ಮೊಸಳೆ. ಬೆಕ್ಕು, ನಾಯಿ ಹತ್ತಿರ ಸುಳಿಯಲ್ಲ. ಊಟಕ್ಕೆ ಸುತ್ತಮುತ್ತಲ ಗದ್ದೆ, ಕೆರೆ, ನಾಲೆಗಳೂ ಬೇಕು. ಅಂದ ಹಾಗೆ ಈ ನಡುಗಡ್ಡೆಗಳು ಹುಟ್ಟಿದ್ದೇ ಮನುಷ್ಯರಿಂದ. 1645–48ರ ಹೊತ್ತಿಗೆ ಕಂಠೀರವ ನರಸರಾಜ ಒಡೆಯರ್ ಕಾವೇರಿಗೆ ಅಡ್ಡಲಾಗಿ ಅಣೆ ಕಟ್ಟಿಸಿದರು, ನೀರು ಹರಡಿತು, ತಿಟ್ಟುಗಳು ಉಳಿದವು. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಅರಸರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದ್ದು ಆಮೇಲಿನ ಮಾತು.

ಇಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಬಾಯ್ಕಳಕ ಕೊಕ್ಕರೆ. ಬಾಯಿ ಮುಚ್ಚಿದರೂ ಅದರ ಕೊಕ್ಕಿನ ನಡುವೆ ಸಂದಿ ಉಳಿದಿರುತ್ತದೆ, ತುದಿ ಮಾತ್ರ ಕೂಡುತ್ತದೆ. ಕಪ್ಪೆ, ಏಡಿ ಸಿಕ್ಕರೆ ಬಿಡುವುದಿಲ್ಲ, ಆದರೆ ಅದರ ಮುಖ್ಯ ಊಟ ಕೆಸರುಗದ್ದೆ, ಕೆರೆಗಳಲ್ಲಿ ಸಿಗುವ ನೀರಿನ ಬಸವನಹುಳು. ಹಾಗಾದರೆ ಆ ಸಂದಿಯಲ್ಲಿ ಚಿಪ್ಪನ್ನಿಟ್ಟು ಅಡಿಕೆಕತ್ತರಿಯ ಥರ ಒಡೆಯುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಯುನೆಸ್ಕೋದ ಮೊದಲ ಮಹಾನಿರ್ದೇಶಕರಾಗಿದ್ದ ಜೀವವಿಜ್ಞಾನಿ ಜೂಲಿಯನ್ ಹಕ್ಸ್ಲಿಗೂ ಹಾಗೇ ಅನಿಸಿತ್ತು. 1960ರಲ್ಲಿ ಅವರು ಅದನ್ನೇ ವಾದಿಸಿದರು. ಕೊಕ್ಕಿನ ಅಂಚು ಒರಟಾಗಿರುವುದು ಚಿಪ್ಪು ಒಡೆದೊಡೆದು ಸವೆದದ್ದರಿಂದ ಅಂದರು.

ಆಮೇಲೆ ನೋಡಿದವರು ಇದನ್ನು ಒಪ್ಪಲಿಲ್ಲ. ಮರಿಗಳ ಕೊಕ್ಕಿನಲ್ಲಿ ಸಂದಿಯೇ ಇರುವುದಿಲ್ಲ, ವಯಸ್ಸಾದಂತೆ ಬರುತ್ತದೆ. ಸಂದಿ ಮೂಡದ ಎಳೆಯ ಹಕ್ಕಿಗಳೂ ಬಸವನಹುಳು ಹಿಡಿದು ತಿನ್ನುತ್ತವೆ. ಅಂದಮೇಲೆ ಒಡೆಯುವ ಮಾತೆಲ್ಲಿ? ನಿಜವಾದ ಕೆಲಸ ಕೊಕ್ಕಿನ ತುದಿಯದ್ದು. ಕೆಳಗಿನ ಕೊಕ್ಕಿನ ತುದಿ ಸಾಮಾನ್ಯವಾಗಿ ಸ್ವಲ್ಪ ಬಲಕ್ಕೆ ತಿರುಚಿಕೊಂಡಿರುತ್ತದೆ. ಅದು ಚಿಪ್ಪಿನ ಬಾಯೊಳಗೆ ತೂರಿ ಮಾಂಸವನ್ನು ಎಳೆದು ತೆಗೆಯುತ್ತದೆ. ಇದೆಲ್ಲ ನೀರೊಳಗೇ ಮುಗಿಯುವುದರಿಂದ ದಡದಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ. ಹಕ್ಕಿಗೂ ಕಾಣಬೇಕಿಲ್ಲ. ಕಣ್ಣು ಕಟ್ಟಿದರೂ ಅದು ಹುಳು ಹಿಡಿಯುತ್ತದೆ ಅಂತ ಹತ್ತೊಂಬತ್ತನೇ ಶತಮಾನದಲ್ಲೇ ಪಕ್ಷಿತಜ್ಞ ಜರ್ಡನ್ ಬರೆದಿಟ್ಟಿದ್ದರು. ಹಾಗಾದರೆ ಸಂದಿ ಯಾಕೆ? ಸಂದಿ ಇದ್ದರೆ ತುದಿಗಳು ಹೆಚ್ಚು ಓರೆಯಾಗಿ ಕೂಡುತ್ತವೆ, ಆಗ ಅಲ್ಲಿ ಬೀಳುವ ಬಲ ಜಾಸ್ತಿ ಅನ್ನುವ ವಿವರಣೆ ಇದೆ. ಅಂಚಿನ ಒರಟು ಜಾರುವ ಚಿಪ್ಪನ್ನು ಹಿಡಿಯಲು ಇರಬಹುದು. ನನಗೆ ಇದು ಹಕ್ಸ್ಲಿಯ ಮಾತಿಗಿಂತ ಸರಿ ಕಾಣುತ್ತದೆ.

ಬಣ್ಣದ ಕೊಕ್ಕರೆ ಮೀನು ತಿನ್ನುತ್ತದೆ, ಒಪ್ಪಿದೆ. ಆದರೆ ಅದೂ ನೋಡಿ ಹಿಡಿಯುವುದಲ್ಲ. ಅರ್ಧ ತೆರೆದ ಕೊಕ್ಕನ್ನು ಬಗ್ಗಡದಲ್ಲಿ ಅದ್ದಿ, ಕಾಲಿನಿಂದ ನೀರು ಕದಡುತ್ತಾ ನಡೆಯುತ್ತದೆ. ಮೀನು ತಾಗಿದ ಕೂಡಲೇ ಕೊಕ್ಕು ಮುಚ್ಚುತ್ತದೆ. ಇದರ ಅಮೆರಿಕದ ಹತ್ತಿರದ ನೆಂಟ ವುಡ್ ಸ್ಟಾರ್ಕ್‌ನಲ್ಲಿ ಅಳೆದಾಗ ಅದಕ್ಕೆ ಹಿಡಿದ ಸಮಯ ಸುಮಾರು 0.025 ಸೆಕೆಂಡು. ಚಮಚ ಕೊಕ್ಕಿನ ಹಕ್ಕಿಯದ್ದೂ ಮುಟ್ಟಿ ತಿಳಿಯುವ ದಾರಿಯೇ. ಕೊಕ್ಕನ್ನು ಅಕ್ಕಪಕ್ಕ ಬೀಸುತ್ತಾ ಸಣ್ಣ ಮೀನು, ಹುಳುಹುಪ್ಪಟೆ ಬಾಚುತ್ತದೆ.

ಇನ್ನು ಹೆಜ್ಜಾರ್ಲೆ, ಅಂದರೆ ಪೆಲಿಕನ್. ಅದು ಗಂಟಲ ಚೀಲದಲ್ಲಿ ಮೀನು ಕೂಡಿಟ್ಟುಕೊಳ್ಳುತ್ತದೆ ಅಂತ ಮಕ್ಕಳಿಗೆ ಸುಮ್ನೆ ಹೇಳಿಕೊಡುತ್ತೇವೆ. ಆ ಚೀಲ ಇರುವುದು ಮೊಗೆಯಲು. ನೀರನ್ನು ಬಸಿದು ಮೀನನ್ನು ನುಂಗಿಬಿಡುತ್ತದೆ. ಮರಿಗಳಿಗೆ ತರುವುದೂ ಹೊಟ್ಟೆಯಲ್ಲೇ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಊರೊಳಗಿನ ಹುಣಸೆ, ಆಲದಂಥ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆ ರೈತರ ಹೊಲಕ್ಕೆ ಗೊಬ್ಬರ. ಬೇಸಿಗೆಗೆ ಕೆರೆ ಇಳಿದಾಗ ಮೀನುಗಳು ಉಳಿದಷ್ಟು ನೀರಿನಲ್ಲಿ ಒತ್ತೊತ್ತಾಗಿ ಸೇರುತ್ತವೆ. ಮುಟ್ಟಿ ಹಿಡಿಯುವ ಹಕ್ಕಿಗೆ ಮರಿ ಸಾಕಲು ಅದೇ ಒಳ್ಳೆ ಕಾಲ. ಹೂಳೆತ್ತುವ ಜೆಸಿಬಿ ಕೆರೆಯ ಅಂಚನ್ನು ನೆಟ್ಟಗೆ ಕಡಿದು ಆಳ ಮಾಡಿದರೆ ಹೆಜ್ಜಾರ್ಲೆ ಈಜಿಕೊಂಡು ಹೇಗೋ ಮೀನು ಹಿಡಿದೀತು. ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ, ಬಾಯ್ಕಳಕ ಮೂರಕ್ಕೂ ಅಲ್ಲಿ ಕಾಲೂರಲು ಜಾಗವೇ ಇರುವುದಿಲ್ಲ.