ಆಣೆ ಮಾಡಿದ ಮೂರನೇ ದಿನ

ನಮ್ಮ ಮೈಸೂರು, ಮಂಡ್ಯ ಕಡೆ ಕುಡಿತ ಬಿಡಿಸಬೇಕು ಅಂದರೆ ಮೊದಲು ಹೊಳೆಯುವುದು ಆಣೆ. ಮಾದಪ್ಪನ ಮೇಲೋ, ಮನೆದೇವರ ಮೇಲೋ, ಮಗುವಿನ ತಲೆ ಮುಟ್ಟಿಯೋ. ವರ್ಷಗಟ್ಟಲೆ ಕುಡಿದವನು ಅಂದೇ ನಿಲ್ಲಿಸಿದ ಅಂತಿಟ್ಟುಕೊಳ್ಳಿ. ಮಾರನೇ ದಿನ ಕೈ ನಡುಗುತ್ತದೆ. ಮೂರನೇ ದಿನದ ಹೊತ್ತಿಗೆ ಗೋಡೆ ಮೇಲೆ ಇಲ್ಲದ ಹುಳುಗಳು ಕಾಣಬಹುದು, ಯಾರೋ ಕರೆದಂತೆ ಕೇಳಬಹುದು, ಮನೆಯವರ ಗುರುತೇ ಸಿಗದೆ ಹೋಗಬಹುದು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಅದು ಗಾಳಿಯೂ ಅಲ್ಲ, ದೇವರ ಮುನಿಸೂ ಅಲ್ಲ. ಅದರ ಹೆಸರು ಡೆಲಿರಿಯಂ ಟ್ರೆಮೆನ್ಸ್. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು.

ಇದು ಹೇಗಾಗುತ್ತದೆ ಅನ್ನುವುದು ನಿಜಕ್ಕೂ ಬೆರಗಿನ ಸಂಗತಿ. ಊರಹಬ್ಬದ ಹಗ್ಗಜಗ್ಗಾಟ ನೆನೆಸಿಕೊಳ್ಳಿ. ಮಿದುಳಿನಲ್ಲಿ ಒಂದು ಕಡೆ ಗಾಬಾ, ನರಕೋಶಗಳನ್ನು ತಣ್ಣಗಿಡುವ ರಾಸಾಯನಿಕ. ಇನ್ನೊಂದು ಕಡೆ ಗ್ಲುಟಮೇಟ್, ಅವುಗಳನ್ನು ಕೆರಳಿಸುವಂಥದ್ದು. ಮದ್ಯ ಬಂದು ಗಾಬಾದ ಪಕ್ಕ ನಿಂತು ಎಳೆಯುತ್ತದೆ. ಅದಕ್ಕೇ ಕುಡಿದಾಗ ಮೈ ಸಡಿಲ, ನಾಲಿಗೆ ತೊದಲು. ಆದರೆ ಮಿದುಳು ಸುಮ್ನೆ ಕೂರುವುದಿಲ್ಲ. ದಿನಾ ಇದೇ ನಡೆದರೆ ಗಾಬಾ ಕಡೆಯ ಆಳುಗಳನ್ನು ಕಡಿಮೆ ಮಾಡಿ ಗ್ಲುಟಮೇಟ್ ಕಡೆಗೆ ಜಾಸ್ತಿ ಆಳು ಸೇರಿಸುತ್ತದೆ. ಕೆಲವು ವರ್ಷಗಳಲ್ಲಿ ಮದ್ಯ ಇದ್ದರೆ ಮಾತ್ರ ಹಗ್ಗ ನಡುವೆ ನಿಲ್ಲುವ ಸ್ಥಿತಿ. ಈಗ ಮದ್ಯ ಒಮ್ಮೆಲೇ ಕೈಬಿಟ್ಟರೆ? ಗ್ಲುಟಮೇಟ್ ಕಡೆಯವರೆಲ್ಲ ದಬದಬ ಬೀಳುತ್ತಾರೆ. ನಡುಕ, ಬೆವರು, ಏರಿದ ರಕ್ತದೊತ್ತಡ, ಫಿಟ್ಸ್. ಹೆಚ್ಚುವರಿ ಆಳುಗಳನ್ನು ಮನೆಗೆ ಕಳಿಸಲು ಮಿದುಳಿಗೆ ದಿನಗಳೇ ಬೇಕು. ಅಲ್ಲಿಯವರೆಗೆ ವೈದ್ಯರು ಬೆಂಜೊಡಯಜಪೀನ್ ಗುಂಪಿನ ಔಷಧವನ್ನು ಗಾಬಾದ ಪಕ್ಕ ನಿಲ್ಲಿಸಿ, ದಿನದಿನಕ್ಕೆ ಕಡಿಮೆ ಮಾಡುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವ. ಅದರ ಕೊರತೆ ತೀರಾ ಜಾಸ್ತಿಯಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು.

'ಮನಸ್ಸು ಮಾಡಿದರೆ ಬಿಡಬಹುದು' ಅನ್ನುವವರು ಇದನ್ನು ತಿಳಿದುಕೊಳ್ಳಬೇಕು. ಕುಡಿತ ಹೆಚ್ಚಿದಷ್ಟೂ ಬರೀ ಮನಸ್ಸು ಮಾಡಿ ಬಿಡುವುದು ಅಪಾಯ.

ಮನೆ ಇದ್ದವನನ್ನು ಹೆಂಡತಿಯೋ ತಾಯಿಯೋ ಮೈಸೂರಿನ ಸರ್ಕಾರಿ ಕೆ.ಆರ್. ಆಸ್ಪತ್ರೆಗೆ ಕರೆದೊಯ್ಯಬಹುದು. ಮಾರುಕಟ್ಟೆಯ ಅಂಗಡಿ ಜಗಲಿಯಲ್ಲಿ ಮಲಗುವವನಿಗೆ ಯಾರಿದ್ದಾರೆ? ಬೀದಿಯಲ್ಲಿ ಮಲಗುವವರೆಲ್ಲ ಕುಡುಕರಲ್ಲ, ಕೂಲಿಗೆ ಬಂದು ಬಾಡಿಗೆ ಕೊಡಲಾಗದವರೂ ಇದ್ದಾರೆ. ಚಳಿಗೆ, ಭಯಕ್ಕೆ, ನಿದ್ದೆಗೆ ಅಂತ ಬೀದಿಗೆ ಬಿದ್ದ ಮೇಲೆ ಕುಡಿತ ಕಲಿತವರೂ ಇದ್ದಾರೆ. ಚಟ ಬಲಿತವನು ಬೆಳಿಗ್ಗೆ ಎದ್ದು ಕ್ವಾರ್ಟರ್ ಹುಡುಕುವುದು ಮಜಕ್ಕಲ್ಲ, ನಡುಕ ನಿಲ್ಲಿಸಲು.

ಹಾಗಾದರೆ ಹೊಣೆ ಯಾರದು? ಮೊದಲ ವಾರದ ಉತ್ತರ ಕಾನೂನಿನಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆ ಎಂದೇ ಎಣಿಸುತ್ತದೆ. ನಿರ್ಗತಿಕರಿಗೆ, ಮನೆಯಿಲ್ಲದವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಚಿಕಿತ್ಸೆ ಉಚಿತ ಎನ್ನುತ್ತದೆ.

ಕಷ್ಟ ಇರುವುದು ಡಿಸ್ಚಾರ್ಜ್ ಆದ ದಿನ. ಅದೇ ಜಗಲಿ, ಅದೇ ಗೆಳೆಯರು, ಅದೇ ವೈನ್ ಶಾಪ್. ಜಾಗ ಬದಲಾದರೆ ಏನಾಗುತ್ತದೆ ನೋಡಿ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಹೆರಾಯಿನ್‌ನಂಥ ಅಮಲಿನ ಚಟಕ್ಕೆ ಬಿದ್ದಿದ್ದರು. 1971ರಲ್ಲಿ ಮೂತ್ರ ಪರೀಕ್ಷೆ ಶುರುವಾಯಿತು. ಸಿಕ್ಕಿಬಿದ್ದವರ ಅಮಲು ಇಳಿಸಿಯೇ ಊರಿಗೆ ಕಳಿಸಿದರು. ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರ ಬೆನ್ನುಹತ್ತಿ ವಿಚಾರಿಸಿದರು. ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು 100ಕ್ಕೆ ಸುಮಾರು 5 ಮಂದಿ ಮಾತ್ರ! ಮೊದಲು ಚಿಕಿತ್ಸೆ, ಆಮೇಲೆ ಬೇರೆಯೇ ಜಾಗ, ಮನೆ, ಕೆಲಸ. ಎರಡೂ ಬೇಕು. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ, ಚಟ ಬಿಡಲೇಬೇಕೆಂಬ ಷರತ್ತಿಲ್ಲದೆ ಬೀದಿಯಲ್ಲಿದ್ದವರಿಗೆ ಮನೆ ಕೊಡುವ 'ಮೊದಲು ಮನೆ' ಪದ್ಧತಿಯಲ್ಲಿ ಹೆಚ್ಚಿನವರು ಮನೆ ಉಳಿಸಿಕೊಂಡರು. ಆದರೆ ಮನೆ ಸಿಕ್ಕ ಮಾತ್ರಕ್ಕೆ ಚಟ ಅಷ್ಟಾಗಿ ಕಡಿಮೆಯಾಗಲಿಲ್ಲ.

ಕಾಯಿಲೆಗೆ ಮನೆ ಕಟ್ಟಿ ಉತ್ತರ ಕೊಡುವುದು ಮೈಸೂರಿಗೆ ಹೊಸದಲ್ಲ. ಪ್ಲೇಗ್ ಬಡಿದ ಆ ಕಾಲದಲ್ಲಿ, 1903ರಲ್ಲಿ, ಇಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ, ಗಾಳಿ ಬೆಳಕಿನ ಹೊಸ ಬಡಾವಣೆ ಮಾಡುವುದು ಅದರ ಕೆಲಸವಾಗಿತ್ತು. ಪ್ಲೇಗ್ ಬಂದವನಿಗೆ 'ನೀನೇ ತಂದುಕೊಂಡೆ, ನೀನೇ ವಾಸಿ ಮಾಡಿಕೋ' ಅಂದಿದ್ದರೆ ಊರು ಉಳಿಯುತ್ತಿತ್ತಾ?

ದುಡ್ಡಿನ ಮಾತು ಬಂದರೆ ನಿಮ್ಮ ಕಂದಾಯದ ರಸೀದಿ ನೋಡಿ. ಆಸ್ತಿ ತೆರಿಗೆಯ ಮೇಲೆ 3% ಭಿಕ್ಷುಕರ ಕರ, ಅಂದರೆ ಭಿಕ್ಷುಕರ ಪುನರ್ವಸತಿಗೆ ಅಂತ ಕಟ್ಟುವ ಕರ ಇದೆ. ಅಂದರೆ ಹೊಣೆಯ ಒಂದು ಪಾಲನ್ನು ನಾವು ಆಗಲೇ ತೆತ್ತಿದ್ದೇವೆ, ಅಲ್ವಾ? ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಮನೆಯಿಲ್ಲದವರು ತಂಗುವ ಒಂದು ಆಶ್ರಯ ಕೇಂದ್ರ ಎನ್ನುವುದು ಸುಪ್ರೀಂ ಕೋರ್ಟ್ ಹೇಳಿದ ಲೆಕ್ಕ. 2011ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ ಸುಮಾರು 9 ಲಕ್ಷ. ಆ ಲೆಕ್ಕದಲ್ಲೇ 9 ಕೇಂದ್ರ ಬೇಕು.

ನನ್ನ ಪ್ರಕಾರ ಮೊದಲ ವಾರ ಆಸ್ಪತ್ರೆಯದು, ಮುಂದಿನ ತಿಂಗಳುಗಳು ಪಾಲಿಕೆಯದು. ಮಿದುಳು ಹದಕ್ಕೆ ಬಂದ ಮೇಲೆ ಅವನ ಪ್ರಯತ್ನವನ್ನು ಧಾರಾಳವಾಗಿ ಕೇಳೋಣ. ಆಸ್ಪತ್ರೆಯವರು ಡಿಸ್ಚಾರ್ಜ್ ಚೀಟಿ ಬರೆಯುವ ಮುನ್ನವೇ ಆಶ್ರಯ ಕೇಂದ್ರದವರು ವಾರ್ಡಿಗೆ ಬಂದು ಅವನನ್ನು ಕರೆದುಕೊಂಡು ಹೋಗಬೇಕು. ಅಲ್ಲಿಯವರೆಗೆ ದಾರಿಯಲ್ಲಿ ನಡುಗುತ್ತಾ ಅಸಂಬದ್ಧ ಮಾತಾಡುವವರನ್ನು, ಫಿಟ್ಸ್ ಬಂದು ಬಿದ್ದವರನ್ನು ಕಂಡರೆ 108ಕ್ಕೆ ಕರೆ ಮಾಡಿ. ಚಟ ಬಿಡಿಸುವ ಸಲಹೆಗೆ 14446.