ಸೊಂಟ ಎಲ್ಲಿ ಮೇಡಂ?

ನಾಟಕಗಳಿಗೆ ಬಟ್ಟೆ ಹೊಲಿಸುವ ಕೆಲಸ ನನ್ನದು. ಚೀನಾದ ಹಳೇ ಕಥೆ ಅಂದ ಕೂಡಲೇ ನಿರ್ದೇಶಕರು ಮೊಬೈಲ್ ತೆಗೆದು ಒಂದೇ ಥರದ ಫೋಟೊ ತೋರಿಸುತ್ತಾರೆ. ಮೈಗಂಟಿದ ಗೌನು, ಎತ್ತರದ ಕಾಲರು, ಪಕ್ಕದಲ್ಲಿ ಸೀಳು. ಅದು ಚೀಪಾವೊ. ಶಾಂಘೈನಲ್ಲಿ 1920ರ ದಶಕದಲ್ಲಿ ಫ್ಯಾಷನ್ ಆದದ್ದು. ನಿಮ್ಮ ಕಥೆ ತಾಂಗ್ ಅರಸರ ಕಾಲದ್ದು, ಅಂದರೆ 618ರಿಂದ 907. ಮಧ್ಯೆ ಸಾವಿರ ವರ್ಷ ಇದೆ ಸಾರ್!

"ಸರಿ, ಹಳೇದೇ ಹೊಲಿಸಿ" ಅನ್ನುತ್ತಾರೆ. ಟ್ರಯಲ್ ದಿನ ಮತ್ತೆ ಅದೇ ಗೋಳು. "ಸೊಂಟ ಎಲ್ಲಿ ಮೇಡಂ? ಒಂದು ಬೆಲ್ಟ್ ಹಾಕಿ."

ದಯವಿಟ್ಟು ಬೇಡ. ತಾಂಗ್ ಕಾಲದ ಹೆಂಗಸರ ಲಂಗ ಸೊಂಟದಲ್ಲಿ ನಿಲ್ಲುವುದೇ ಇಲ್ಲ. ಗಿಡ್ಡ ಮೇಲಂಗಿಯ ಅಂಚನ್ನು ಒಳಗೆ ಸೇರಿಸಿ, ಲಂಗವನ್ನು ಎದೆಯ ಹತ್ತಿರ ಕಟ್ಟುತ್ತಾರೆ. ಪಟ್ಟಿಯ ಲಾಡಿಯನ್ನು ಹಿಂದೆ ಸುತ್ತಿ, ಮುಂದೆ ತಂದು ಗಂಟು. ಅಲ್ಲಿಂದ ಬಟ್ಟೆ ಪಾದದವರೆಗೆ ಸೀದಾ ಇಳಿಯಬೇಕು. ನಡುವಿಗೆ ಬೆಲ್ಟ್ ಬಿಗಿದರೆ ಗೋಣಿಚೀಲಕ್ಕೆ ಹುರಿ ಕಟ್ಟಿದ ಹಾಗೆ ಕಾಣುತ್ತದೆ. ಸೊಂಟ ತೋರಿಸುವ ಉಡುಪೇ ಅಲ್ಲ ಅದು, ಅಲ್ವಾ?

ಮುನ್ನೂರು ವರ್ಷದಲ್ಲಿ ಎಲ್ಲವೂ ಒಂದೇ ಥರ ಇರಲಿಲ್ಲ ಅನ್ನುವುದೂ ನಿಜ. ಮೊದಮೊದಲು ತೋಳು ಕಿರಿದು, ಕೊನೆಕೊನೆಗೆ ಅಗಲ. ಆ ಕಾಲದ ಚಿತ್ರಕಾರ ಝೋ ಫಾಂಗ್ ಬರೆದದ್ದೆನ್ನುವ, ತಲೆಗೆ ಹೂ ಮುಡಿದ ಹೆಂಗಸರ ಚಿತ್ರ ಚೀನಾದ ಲಿಯಾವೊನಿಂಗ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಗಂಟು ಎದೆಯ ಮೇಲಕ್ಕೇ ಹೋಗಿದೆ. ಆದರೆ ಅವರು ಶ್ರೀಮಂತರ ಮನೆಯವರು. ಹೊಲದ ಹೆಣ್ಣಿಗೂ ಅದನ್ನೇ ಉಡಿಸಬೇಡಿ.

ಬೆಲ್ಟ್ ಬೇಕೇ ಬೇಕಾ? ಗಂಡಸರ ದುಂಡು ಕೊರಳಿನ ನಿಲುವಂಗಿ ಹಾಕಿಸಿ. ಆ ಕಾಲದ ಹೆಂಗಸರು ಅದನ್ನೂ ಬೆಲ್ಟ್ ಸಮೇತ ಹಾಕುತ್ತಿದ್ದರು. ಚೀನಾದ ಶಿಯಾನ್ ನಗರದ ಹತ್ತಿರ, ತಾಂಗ್ ಮನೆತನದ ಯೋಂಗ್‌ತಾಯ್ ರಾಜಕುಮಾರಿಯ ಸಮಾಧಿಯ ಗೋಡೆಚಿತ್ರದಲ್ಲಿ ದಾಸಿಯರ ಸಾಲಿನಲ್ಲಿ ಅಂಥ ವೇಷದವಳೂ ನಿಂತಿದ್ದಾಳೆ.

ಜಾರುವ ಭಯ ಮಾತ್ರ ನಿಜ. ನನ್ನ ಮೊದಲ ಪ್ರಯತ್ನದಲ್ಲಿ ದಾಸಿ ಪಾತ್ರದ ಹುಡುಗಿ ತಟ್ಟೆ ಹಿಡಿದು ಬಂದಳು, ಗಂಟು ಸಡಿಲವಾಯಿತು. ಪಾಪ, ಎರಡೂ ಮೊಣಕೈ ಒತ್ತಿಕೊಂಡು, ತಲೆ ತಗ್ಗಿಸಿ, ಇಡೀ ದೃಶ್ಯ ಹಾಗೇ ನಿಂತಳು. ಈಗ ಸುಮ್ನೆ ರಿಸ್ಕ್ ಬೇಡ ಅಂತ ಒಳಗಡೆ ಭುಜಕ್ಕೆ ಎರಡು ಪಟ್ಟಿ ಹೊಲಿದುಬಿಡುತ್ತೇನೆ. ಅವತ್ತು ನಾಟಕ ಮುಗಿದ ಮೇಲೆ ನಿರ್ದೇಶಕರು ಬಂದು ಹೇಳಿದ್ದು: "ಎಂಥಾ ವಿನಯ! ನಾಳೆಯೂ ಹಾಗೇ ನಿಲ್ಲಿಸಿ."