ನಡುವೆ 12 ಅಡಿ ಧರೆ

ತೀರ್ಥಹಳ್ಳಿ ಕಡೆಯ ಎರಡು ಲೇಔಟ್‌ಗಳ ನಕ್ಷೆಯನ್ನು ಅಕ್ಕಪಕ್ಕ ಹರಡಿ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಈ ಕಡೆಯ 30 ಅಡಿ ರಸ್ತೆ ಗಡಿಯ ತನಕ ಬಂದಿದೆ, ಆ ಕಡೆಯದೂ ಅಲ್ಲಿಗೇ ಬಂದು ಮುಟ್ಟಿದೆ. ಜಾಗಕ್ಕೆ ಹೋಗಿ ನಿಂತರೆ ನಡುವೆ 12 ಅಡಿ ಎತ್ತರದ ಧರೆ, ಅಂದರೆ ಕಡಿದಾದ ಮಣ್ಣಿನ ಗೋಡೆ! ಕೆಳಗಿನವರು ಜೆಸಿಬಿ ತಂದು ಗುಡ್ಡ ಕಡಿದಿದ್ದಾರೆ. ಮೇಲಿನವರು ಮಣ್ಣು ತುಂಬಿಸಿ ಎತ್ತರಿಸಿದ್ದಾರೆ. ಕೆಳಗಿನ ಮನೆಗಳಿಗೆ ಮೇಲಿನ ಶಾಲೆಯ ಗಂಟೆ ಕೇಳುತ್ತದೆ. ಮಕ್ಕಳು ಹೋಗಬೇಕಾದರೆ ಮಾತ್ರ ಮುಖ್ಯರಸ್ತೆಗೆ ಇಳಿದು ಒಂದೂವರೆ ಕಿಲೋಮೀಟರ್ ಸುತ್ತಬೇಕು.

ಹೊಸ ಬಡಾವಣೆಯ ರಸ್ತೆ ಪಕ್ಕದ ಜಮೀನಿನ ಗಡಿ ಮುಟ್ಟಬೇಕು, ನಾಳೆ ಅಲ್ಲಿ ಬಡಾವಣೆ ಬಂದರೆ ಎರಡೂ ಕೂಡಬೇಕು ಎಂದು ನಕ್ಷೆ ನೋಡುವ ನಾವು ಕೇಳುತ್ತೇವೆ. ದಾವಣಗೆರೆಯ ಬಯಲಲ್ಲಿ ಅಷ್ಟು ಸಾಕು. ಗೆರೆ ಕೂಡಿದರೆ ರಸ್ತೆ ಕೂಡಿದ ಹಾಗೆಯೇ. ನಮ್ಮ ಮಲೆನಾಡಿನಲ್ಲಿ ಲೆವೆಲ್ಲೂ ಕೂಡಬೇಕಲ್ವಾ?

ಲೆಕ್ಕ ಹಾಕಿ ನೋಡಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗುಡ್ಡಗಾಡಿನ ರಸ್ತೆಗೆ ಹೇಳುವ ಸಾಮಾನ್ಯ ಏರು 100 ಅಡಿಗೆ 5 ಅಡಿ. ತೀರಾ ಅನಿವಾರ್ಯವಾದ ಕಡೆ 7. ಐದರ ಲೆಕ್ಕದಲ್ಲಿ 12 ಅಡಿ ಏರಲು 240 ಅಡಿ ಉದ್ದ ಬೇಕು. ಅಂದರೆ 30 ಅಡಿ ಮುಖದ 8 ಸೈಟುಗಳ ಉದ್ದ. ಆ ಎಂಟೂ ಮನೆಗಳ ಗೇಟು ಈಗಿನ ರಸ್ತೆಯ ಮಟ್ಟಕ್ಕೆ ಕೂತಾಗಿದೆ. ಈಗ ರಸ್ತೆ ಏರಿಸಿದರೆ ಅವರ ಅಂಗಳ ಗುಂಡಿಯಾಗುತ್ತದೆ. ಯಾರು ಒಪ್ಪುತ್ತಾರೆ?

ಹಾಗಾಗಿ ನನ್ನ ಹಟ ಒಂದೇ. ರಸ್ತೆ ಗಡಿ ಮುಟ್ಟುವ ಜಾಗದ ಲೆವೆಲ್ ಎಷ್ಟು ಎಂದು ನಕ್ಷೆಯ ಮೇಲೆ ಬರೆಯಬೇಕು. ಪಕ್ಕದ ಜಮೀನಿಗೆ ಮುಂದೆ ಬರುವವರು ಅದೇ ಲೆವೆಲ್ಲಿಂದ ಶುರು ಮಾಡಬೇಕು. ಇದಕ್ಕೆ ಸೈಟು ಕತ್ತರಿಸುವ ಮೊದಲೇ ನೆಲದ ಏರಿಳಿತ ಅಳೆಯುವ ಕಾಂಟೂರ್ ಸರ್ವೆ ಆಗಿರಬೇಕು. ಸರ್ವೆಗೂ ಮುಂಚೆ ನಾನು ಸುಮ್ನೆ ಒಮ್ಮೆ ಜಮೀನು ಸುತ್ತುತ್ತೇನೆ. ಬೇಲಿಯ ದಣಪೆ ದಾಟಿ ದನಗಳು ಓಡಾಡಿದ ಹಳೇ ದಾರಿ ಇರುತ್ತದಲ್ಲ, ಅದನ್ನು ಹುಡುಕುತ್ತೇನೆ. ದನ ಕಡಿದಾದ ಕಡೆ ನೇರ ಹತ್ತುವುದಿಲ್ಲ, ಓರೆಯಾಗಿ ಹೋಗುತ್ತದೆ. ಎಷ್ಟೋ ಸಲ ಒಳ್ಳೇ ರಸ್ತೆಯ ಗೆರೆ ಅಲ್ಲೇ ಸಿಕ್ಕಿದೆ.

ಎಲ್ಲ ರಸ್ತೆಯೂ ಕೂಡಲೇಬೇಕು ಎಂದು ಗುಡ್ಡದಲ್ಲಿ ಹಟ ಹಿಡಿಯಲಾಗದು. "ಡೆಡ್ ಎಂಡ್ ಸೈಟೇ ಕೊಡಿಸಿ ಸಾರ್, ಗಲಾಟೆ ಇರಲ್ಲ" ಎನ್ನುವವರೂ ಇದ್ದಾರೆ. ತಪ್ಪೇನಿಲ್ಲ. ಆದರೆ ಅದಕ್ಕೂ ಅಳತೆ ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಹೀಗೆ ಮುಂದೆ ದಾರಿಯಿಲ್ಲದ ರಸ್ತೆ 150 ಮೀಟರ್ ದಾಟಿದರೆ, ಆ 150ರ ಹತ್ತಿರ ವಾಹನ ತಿರುಗಿಸಲು ಒಂದು ಜಾಗ ಜಾಸ್ತಿ ಬಿಡಬೇಕು. 275 ಮೀಟರ್ ಮೀರುವಂತಿಲ್ಲ. ತಿರುಗುವ ಜಾಗ 81 ಚದರ ಮೀಟರಿಗೆ ಕಡಿಮೆ ಇರಬಾರದು, ಯಾವ ಬದಿಯೂ 9 ಮೀಟರಿಗಿಂತ ಕಿರಿದಾಗಬಾರದು. ಅಗ್ನಿಶಾಮಕದ ಗಾಡಿ ಇಳಿಜಾರಿನಲ್ಲಿ ಅಷ್ಟು ದೂರ ರಿವರ್ಸ್ ಬರುವುದನ್ನು ಯೋಚಿಸಿದರೆ ಇದರ ಅಗತ್ಯ ಗೊತ್ತಾಗುತ್ತದೆ.

ಅದೇ ಸಂಹಿತೆಯಲ್ಲಿ ನನಗೆ ಬಹಳ ಇಷ್ಟವಾದ ಇನ್ನೊಂದು ಷರತ್ತಿದೆ. ರಸ್ತೆ ಮುಗಿಯುವ ತುದಿ, ಶುರುವಾಗುವ ಜಾಗಕ್ಕಿಂತ ಎತ್ತರದಲ್ಲಿರಬೇಕು. ಬರೆದವರು ಮಳೆ ಕಂಡವರೇ ಇರಬೇಕು! ತುದಿ ಎತ್ತರ ಇದ್ದರೆ ನೀರು ಬಾಯಿಯ ಕಡೆ ಹರಿದು ದೊಡ್ಡ ಚರಂಡಿ ಸೇರುತ್ತದೆ. ತಗ್ಗಿದ್ದರೆ ಇಡೀ ಬೀದಿಯ ನೀರು ಕೊನೆಯ ಮನೆಯ ಅಂಗಳಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅದರ ಅರ್ಧ ಬಿದ್ದರೂ ಆ ಮನೆಯ ಗತಿ ಏನು? ರಸ್ತೆ ಬಂದು ಗುದ್ದುವ ಸೈಟಿಗೆ 'ಕುತ್ತು' ಎಂದು ಜನ ಹಿಂಜರಿಯುತ್ತಾರೆ. ವಾಸ್ತು ನನಗೆ ಗೊತ್ತಿಲ್ಲ. ಇಳಿಜಾರಿನ ರಸ್ತೆ ಬಂದು ಗುದ್ದುವ ಸೈಟಾದರೆ ನಾನೂ ತಗೊಳ್ಳುವುದಿಲ್ಲ. ನೀರೂ ಅಲ್ಲಿಗೇ ಬರುತ್ತದೆ, ಬ್ರೇಕ್ ಫೇಲ್ ಆದ ಗಾಡಿಯೂ ಅಲ್ಲಿಗೇ.

ಲೇಔಟ್ ದೊಡ್ಡದಾದರೆ ಹೊರಗೆ ಹೋಗಲು ಎರಡನೇ ದಾರಿ ಬೇಕೇ ಬೇಕು. ಆಗುಂಬೆ ಘಾಟಿ ಬಂದ್ ಆದಾಗ ಹುಲಿಕಲ್ ಘಾಟಿ ಸುತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಾಹನ ಹೋಗಲಾಗದ ಕಡೆ ಕಾಲುದಾರಿಯನ್ನಾದರೂ ಬಿಡಿ ಎನ್ನುತ್ತೇನೆ. ಹತ್ತು ಅಡಿ ಅಗಲದ ಓಣಿ ಸಾಕು. 12 ಅಡಿ ಏರಲು ಆರು ಇಂಚಿನ 24 ಮೆಟ್ಟಿಲು. ಮಧ್ಯೆ ನಿಲ್ಲಲು ಜಾಗ ಕೊಟ್ಟರೂ 30 ಅಡಿ ಉದ್ದದಲ್ಲಿ ಮುಗಿಯುತ್ತದೆ. ಪಕ್ಕದಲ್ಲಿ ಚರಂಡಿ, ಹಿಡಿಯಲು ಕಂಬಿ, ಒಂದು ದೀಪ. ನುಣುಪು ಸಿಮೆಂಟು ಬೇಡ, ಆಷಾಢದಲ್ಲಿ ಪಾಚಿ ಹಿಡಿದು ಜಾರುತ್ತದೆ. ಒರಟು ಕಲ್ಲು ಹಾಕಿ. ಮಂಡಿ ನೋವಿನವರಿಗೆ, ಗಾಲಿಕುರ್ಚಿಯವರಿಗೆ ಇದು ಪರಿಹಾರವಲ್ಲ, ಒಪ್ಪುತ್ತೇನೆ. ಈ ಓಣಿಯನ್ನು ನಕ್ಷೆಯಲ್ಲೇ ಸಾರ್ವಜನಿಕ ದಾರಿ ಎಂದು ತೋರಿಸಬೇಕು. ಇಲ್ಲದಿದ್ದರೆ ಎರಡೇ ವರ್ಷದಲ್ಲಿ ಅದು ಯಾರದೋ ಕಾಂಪೌಂಡಿನ ಒಳಗಿರುತ್ತದೆ.

ಮೊನ್ನೆ ಮತ್ತೆ ಆ ಧರೆಯ ಹತ್ತಿರ ಹೋಗಿದ್ದೆ. ಯಾರೋ ಅಡಿಕೆ ಮರದ ಏಣಿ ಒರಗಿಸಿದ್ದರು. ಮೇಲೆ ನಿಂತ ಹುಡುಗ ಬ್ಯಾಗು ಎಳೆದುಕೊಳ್ಳುತ್ತಿದ್ದ. ತಂಗಿ ಕೆಳಗೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದಳು.